ಕೊಟ್ಟಿಗೆ ಹಿಂದಿನ ರಾಶಿಯಲ್ಲಿ ಯಾವುದನ್ನು ಇಟ್ಟುಕೊಳ್ಳುವುದು?

ಓದುಗರ ಪ್ರಶ್ನೆ: ನಮ್ಮದು ಚಿಕ್ಕ ತೋಟ. ಹಳೇ ಪೈಪು, ಡ್ರಮ್ಮು, ಚೀಲ, ತಗಡು, ಮರದ ತುಂಡು ಯಾವುದನ್ನೂ ಬಿಸಾಡಲು ಮನಸ್ಸು ಬರುವುದಿಲ್ಲ. ಮುಂದೆ ಬೇಕಾಗಬಹುದಲ್ವಾ? ಏನನ್ನು ಇಟ್ಟುಕೊಳ್ಳಬೇಕು, ಏನನ್ನು ಕಳಿಸಿಬಿಡಬೇಕು?

ಉತ್ತರ: 'ಮುಂದೆ ಬೇಕಾಗುತ್ತಾ?' ಅಂತ ಕೇಳಿಕೊಂಡರೆ ಉತ್ತರ ಯಾವಾಗಲೂ 'ಹೌದು' ಅಂತಲೇ ಬರುತ್ತದೆ. ತೋಟದಲ್ಲಿ ಯಾವುದಾದರೂ ಒಂದಲ್ಲ ಒಂದು ದಿನ ಬೇಕಾಗಿಯೇ ಆಗುತ್ತದೆ. ರಾಶಿ ಬೆಳೆಯುವುದು ಹೀಗೆ. ನಾನು ಕೇಳಿಕೊಳ್ಳುವ ಪ್ರಶ್ನೆ ಬೇರೆ: ಇದು ಹಿಂದೆ ಏನಾಗಿತ್ತು? ಇದರಲ್ಲಿ ಏನಿತ್ತು?

ಡ್ರಮ್ಮನ್ನೇ ತಗೊಳ್ಳಿ. 200 ಲೀಟರಿನ ನೀಲಿ ಡ್ರಮ್ಮು, ನೋಡಲು ಗಟ್ಟಿಮುಟ್ಟಾಗಿದೆ. ಮೊದಲು ಅದರಲ್ಲಿ ಏನಿತ್ತು ಅಂತ ಗೊತ್ತಿಲ್ಲದಿದ್ದರೆ ದನಕ್ಕೆ ನೀರಿಡಲು ಬೇಡ, ಕಾಳು ತುಂಬಲೂ ಬೇಡ. ಕೀಟನಾಶಕದ ಕ್ಯಾನನ್ನಂತೂ ಯಾವ ಕೆಲಸಕ್ಕೂ ಇಟ್ಟುಕೊಳ್ಳಬೇಡಿ. ಚೆನ್ನಾಗಿ ತೊಳೆದಿದ್ದೇನಲ್ಲ ಅನ್ನುವವರಿದ್ದಾರೆ. ಪ್ಲಾಸ್ಟಿಕ್ಕೇ ಸ್ವಲ್ಪ ಹೀರಿಕೊಂಡಿರುತ್ತದೆ, ತೊಳೆದರೆ ಅದು ಹೋಗುವುದಿಲ್ಲ. ಔಷಧಿ ಕಲಸುವಾಗಲೇ ಕ್ಯಾನನ್ನು ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇಯರಿಗೇ ಸುರಿಯಿರಿ. ಆಮೇಲೆ ತಳಕ್ಕೆ ತೂತು ಹೊಡೆಯಿರಿ. ತೂತಿಲ್ಲದ ಕ್ಯಾನು ಯಾರದ್ದಾದರೂ ಅಡುಗೆಮನೆ ಸೇರುತ್ತದೆ.

ಮರಕ್ಕೂ ಇದೇ ಪ್ರಶ್ನೆ. ಹಸಿರು ಛಾಯೆಯ ಹಳೇ ಕಂಬಗಳಿಗೆ ಗೆದ್ದಲು ಬಾರದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಔಷಧಿ ಕುಡಿಸಿರಬಹುದು. ಅಂಥದ್ದನ್ನು ಒಲೆಗೆ ಹಾಕಬೇಡಿ. ಹೊಗೆ ಕೆಟ್ಟದ್ದು, ಬೂದಿಯಲ್ಲೂ ಆರ್ಸೆನಿಕ್ ಉಳಿಯುತ್ತದೆ. ಆ ಬೂದಿ ತರಕಾರಿ ಪಾತಿಗೆ ಹೋದರೆ ಮುಗಿಯಿತು. ಸಾಮಾನು ಬಂದ ಮರದ ಪ್ಯಾಲೆಟ್ ಸಿಕ್ಕಿದರೆ ಮುದ್ರೆ ಹುಡುಕಿ. 'ಎಚ್‌ಟಿ' ಅಂತಿದ್ದರೆ ಬರೀ ಬಿಸಿ ಮಾಡಿದ ಮರ, ಧೈರ್ಯವಾಗಿ ಬಳಸಿ. 'ಎಂಬಿ' ಅಂದರೆ ಮೀಥೈಲ್ ಬ್ರೋಮೈಡ್ ಅನಿಲ ಕೊಟ್ಟದ್ದು, ಅದು ಬೇಡ.

ಗೊಬ್ಬರವನ್ನು ಯಾರೂ ಅನುಮಾನಿಸುವುದಿಲ್ಲ. ಆದರೆ ಅಮಿನೊಪೈರಾಲಿಡ್‌ನಂಥ ಕೆಲವು ಕಳೆನಾಶಕಗಳು ಹುಲ್ಲಿನ ಜೊತೆ ದನದ ಹೊಟ್ಟೆ ಸೇರಿ, ಸಗಣಿಯಲ್ಲೂ ಹಾಗೇ ಉಳಿದು ಬರುತ್ತವೆ. ಹೊರಗಿನಿಂದ ಗೊಬ್ಬರ ತಂದರೆ ಒಂದೆರಡು ಕುಂಡದಲ್ಲಿ ಮಣ್ಣಿಗೆ ಬೆರೆಸಿ ಹುರುಳಿಕಾಯಿ ಬೀಜ ಹಾಕಿ. ಪಕ್ಕದಲ್ಲಿ ಬರೀ ಮಣ್ಣಿನ ಕುಂಡ ಒಂದಿರಲಿ. ಎರಡು ಮೂರು ವಾರ ನೋಡಿ. ಗೊಬ್ಬರದ ಕುಂಡದಲ್ಲಿ ಮಾತ್ರ ಎಲೆ ಬಟ್ಟಲಿನ ಹಾಗೆ ಮುದುಡಿ, ತುದಿ ತಿರುಚಿಕೊಂಡು ಬಂದರೆ ಆ ಗೊಬ್ಬರ ಟೊಮೇಟೊ, ಹುರುಳಿಕಾಯಿ ಕಡೆ ಸುಳಿಯಬಾರದು.

ಇನ್ನು ತಂತಿ. ಉದ್ದದ ತಂತಿ ಸುತ್ತಿ ನೇತು ಹಾಕಿ, ಖಂಡಿತ ಬೇಕಾಗುತ್ತದೆ. ನನಗೆ ಭಯ ಇರುವುದು ಬೆರಳುದ್ದದ ತುಂಡುಗಳದ್ದು. ದನ ನಮ್ಮ ಹಾಗೆ ಆರಿಸಿ ತಿನ್ನುವುದಿಲ್ಲ, ಹುಲ್ಲಿನ ಜೊತೆ ತಂತಿಯನ್ನೂ ನುಂಗುತ್ತದೆ. ಭಾರದ ಚೂರು ಹೊಟ್ಟೆಯ ಜೇನುಗೂಡಿನಂಥ ಎರಡನೇ ಕೋಣೆಯಲ್ಲಿ ತಂಗುತ್ತದೆ. ಅದರ ಮುಂದೆಯೇ, ಎದೆ-ಹೊಟ್ಟೆ ನಡುವಿನ ತೆಳು ಪರದೆಯಾದ ವಪೆಯ ಆಚೆ, ಹೃದಯ. ಹೊಟ್ಟೆ ಹಿಂಡಿದಾಗ ಚೂಪು ತುದಿ ಚುಚ್ಚಿಕೊಂಡು ಹೃದಯದವರೆಗೂ ಹೋಗಬಹುದು. ದನ ಮೇವು ಬಿಡುತ್ತದೆ, ಬೆನ್ನು ಡೊಂಕು ಮಾಡಿ ನಿಲ್ಲುತ್ತದೆ. ಹಾಗಾಗಿ ಬೇಲಿ ಕಟ್ಟಲು ಹೋದಾಗ ಒಂದು ಡಬ್ಬಿ ಸೊಂಟಕ್ಕೇ ಕಟ್ಟಿಕೊಳ್ಳಿ. ಕತ್ತರಿಸಿದ ಪ್ರತಿ ಚೂರೂ ಅದರೊಳಗೆ. ಕೆಲಸ ಮುಗಿದ ಮೇಲೆ ಹಗ್ಗಕ್ಕೆ ಹಳೇ ಸ್ಪೀಕರಿನ ಅಯಸ್ಕಾಂತ ಕಟ್ಟಿ ನೆಲದ ಮೇಲೆ ಎಳೆಯಿರಿ. ಒಡೆದ ಸ್ಪೀಕರನ್ನು ನಾನು ಇಟ್ಟುಕೊಂಡಿರುವುದು ಇದಕ್ಕೇ.

ಪ್ಲಾಸ್ಟಿಕ್ಕಿಗೆ ಬಿಸಿಲೇ ಶತ್ರು. ಚೀಲದ ಅಥವಾ ತಾರ್ಪಾಲಿನ ಮೂಲೆಯನ್ನು ಮಡಚಿ ಉಗುರಲ್ಲಿ ಗೀರಿ. ಪುಡಿ ಉದುರಿದರೆ ಅವತ್ತೇ ಕಳಿಸಿ, ಇಲ್ಲದಿದ್ದರೆ ಆ ಪುಡಿಯೆಲ್ಲ ಮಣ್ಣಿಗೆ. ಬಿಸಿಲಲ್ಲಿ ಬೆಳ್ಳಗಾದ ಪೈಪು ನೀರಿನ ಒತ್ತಡ ತಡೆಯುವುದಿಲ್ಲ, ಆದರೆ ಮೊಳದುದ್ದ ಕತ್ತರಿಸಿ ಸೀಳಿದರೆ ಎಳೇ ಗಿಡದ ಕಾಂಡಕ್ಕೆ ಕವಚ ಆಗುತ್ತದೆ. ಹಳೇ ಕಲ್ನಾರು ಶೀಟನ್ನು ಕತ್ತರಿಸಬೇಡಿ, ತೂತು ಕೊರೆಯಲೂ ಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಟೈರು ಇಟ್ಟುಕೊಳ್ಳುವುದಾದರೆ ನೀರು ನಿಲ್ಲದಂತೆ ತೂತು ಮಾಡಿ. ಬೆಚ್ಚಗಿನ ದಿನಗಳಲ್ಲಿ ಸೊಳ್ಳೆ ಮೊಟ್ಟೆಯಿಂದ ಹಾರುವಷ್ಟಾಗಲು ಒಂದು ವಾರ, ಹತ್ತು ದಿನ ಸಾಕು.

ಕಣ್ಣು ಮುಚ್ಚಿ ಇಟ್ಟುಕೊಳ್ಳಬೇಕಾದದ್ದು ನಟ್ಟು, ಬೋಲ್ಟು, ವಾಷರ್, ಹಿತ್ತಾಳೆ ವಾಲ್ವು, ಪೈಪಿನ ಕಪ್ಲಿಂಗ್. ಸಾಮಾನು ಗುಜರಿಗೆ ಹೋಗುವ ಮುಂಚೆ ಇವನ್ನು ಬಿಚ್ಚಿಕೊಳ್ಳಿ. ಆದರೆ ಅಳತೆವಾರು ಬೇರೆ ಮಾಡಿ ಪಾರದರ್ಶಕ ಡಬ್ಬಿಗಳಲ್ಲಿ ಇಡಿ. ಹಿಂದೊಮ್ಮೆ ನಾನು ಒಂದು ಕಪ್ಲಿಂಗಿಗೆ ಅರ್ಧ ದಿನ ರಾಶಿ ಕೆದಕಿ, ಸಾಕಾಗಿ ಹೊಸದು ತಂದೆ. ಹಾಕಿ ನೀರು ಬಿಟ್ಟ ಮರುದಿನ ಅದೇ ಅಳತೆಯವು ನಾಲ್ಕು ಸಿಕ್ಕವು, ತಗಡಿನ ಅಡಿಯಲ್ಲಿ.