16 ಆಟಕ್ಕೇ ನಿಂತ ನಾಟಕ, 43 ವರ್ಷದ ಮೇಲೆ ಕ್ಯಾಮೆರಾ ಮುಂದೆ

ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಒಳ್ಳೆ ನಾಟಕ ಆದರೆ, ಅವತ್ತು ಬಂದವರಿಗಷ್ಟೇ ಅದು ದಕ್ಕುತ್ತದೆ. ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲೂ ಇದೇ ಕತೆ. ಅದಕ್ಕೇ 'ಮೆರಿಲಿ ವಿ ರೋಲ್ ಅಲಾಂಗ್' ಸಂಗೀತ ನಾಟಕ ಸಿನಿಮಾ ಥಿಯೇಟರಿಗೆ ಬಂದಿದ್ದು ನನಗೆ ದೊಡ್ಡ ಸುದ್ದಿ.

ಮೂವರು ಗೆಳೆಯರ ಕತೆ ಇದು. ಆದರೆ ಕೊನೆಯಿಂದ ಮೊದಲಿಗೆ ಸಾಗುತ್ತದೆ. 1976ರಲ್ಲಿ ಗೆಳೆತನ ಮುರಿದ ಮೇಲೆ ಶುರುವಾಗಿ, 1957ರ ಒಂದು ರಾತ್ರಿ ಮಹಡಿ ಮೇಲೆ ನಿಂತು ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ನೋಡುವ ಹುಡುಗರ ಹತ್ತಿರ ಮುಗಿಯುತ್ತದೆ. 1981ರಲ್ಲಿ ಸ್ಟೀಫನ್ ಸೋಂಡ್‌ಹೈಮ್ ಹಾಡು ಬರೆದು ರಾಗ ಹಾಕಿದರು, ಹಾಲ್ ಪ್ರಿನ್ಸ್ ನಿರ್ದೇಶಿಸಿದರು. ನಡುವಯಸ್ಸಿನ ಪಾತ್ರಗಳಿಗೆ ಎಳೆಯರನ್ನೇ ಹಾಕಿದ್ದರು. ಯಾರು ಯಾರೆಂದು ಜನಕ್ಕೆ ಗೊತ್ತಾಗಲಿ ಅಂತ ಅಂಗಿ ಮೇಲೆ ಹೆಸರು ಬರೆಸಿದರು. ಆದರೂ ಜನ ಅರ್ಧಕ್ಕೇ ಎದ್ದು ಹೋದರು. 16 ಆಟಕ್ಕೆ ನಾಟಕ ನಿಂತಿತು.

ನಿಂತ ಮರುದಿನವೇ ಅದೇ ಕಲಾವಿದರು ಸ್ಟುಡಿಯೋಗೆ ಹೋಗಿ ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿದರು. ನಾಟಕ ಉಳಿದಿದ್ದೇ ಇದರಿಂದ ಅನ್ನೋದು ನನ್ನ ನಂಬಿಕೆ. ನೋಡದವರೂ ಹಾಡು ಕೇಳಿ ಮರುಳಾದರು. ಆಮೇಲೆ ನಾಟಕವನ್ನು ತಿದ್ದುತ್ತಲೇ ಬಂದರು. 1992ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ, ಮೂವರು ಗೆಳೆಯರಲ್ಲಿ ಒಬ್ಬಳಾದ ಮೇರಿಯ ಪಾತ್ರ ಮಾಡಿದ ಮರಿಯಾ ಫ್ರೀಡ್‌ಮನ್, 2012ರಲ್ಲಿ ಲಂಡನ್ನಿನ ಪುಟ್ಟ ರಂಗಮಂದಿರದಲ್ಲಿ ತಾವೇ ನಿರ್ದೇಶಿಸಿದರು. 2023ರಲ್ಲಿ ಅದು ಬ್ರಾಡ್‌ವೇಗೆ ಹೋಯಿತು, ಮುಂದಿನ ವರ್ಷ ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿ 4 ಬಂತು. ಸೋಂಡ್‌ಹೈಮ್ ಮಾತ್ರ 2021ರಲ್ಲೇ ತೀರಿಕೊಂಡಿದ್ದರು.

2024ರ ಜೂನ್‌ನಲ್ಲಿ ಹಡ್ಸನ್ ಥಿಯೇಟರ್‌ನಲ್ಲಿ ಚಿತ್ರೀಕರಣ ಆಯಿತು, 2025ರ ಡಿಸೆಂಬರ್‌ನಲ್ಲಿ ತೆರೆಗೆ ಬಂತು. ಟಿವಿ ಸಂದರ್ಶನಕ್ಕೆ ಕೂತ ಚಾರ್ಲಿ (ಮೂವರಲ್ಲಿ ಇನ್ನೊಬ್ಬ), ಪಕ್ಕದಲ್ಲೇ ಇರುವ ಗೆಳೆಯನ ಮೇಲಿನ ಸಿಟ್ಟನ್ನೆಲ್ಲ ಒಂದೇ ಹಾಡಲ್ಲಿ ಕಕ್ಕುವ ದೃಶ್ಯವಿದೆ. 'ಹ್ಯಾರಿ ಪಾಟರ್' ಸಿನಿಮಾಗಳ ನಟ ಡೇನಿಯಲ್ ರಾಡ್‌ಕ್ಲಿಫ್ ಮಾಡಿದ ಪಾತ್ರ ಅದು. ರಂಗಮಂದಿರದ ಹಿಂದಿನ ಸಾಲಿನವರಿಗೆ ಕುರ್ಚಿಯಲ್ಲಿ ಕೂತ ಒಬ್ಬ ಮನುಷ್ಯ ಕಾಣುತ್ತಾನೆ, ಅಷ್ಟೇ. ಇಂಥ ಕಡೆಯೇ ಕ್ಯಾಮೆರಾ ಬೇಕು, ಅಲ್ವಾ?

ನಮ್ಮ ಕಡೆ ಜಾತ್ರೆಗಳಲ್ಲಿ ಕ್ಯಾಂಪ್ ಹಾಕಿದ ಕಂಪನಿ ನಾಟಕಗಳಲ್ಲೂ ಹಾಡೇ ಜೀವ. ಕಾಲುಪೆಟ್ಟಿಗೆ (ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ) ಶುರುವಾದರೆ ಸಾಕು, 'ಒನ್ಸ್ ಮೋರ್' ಕೂಗು ಏಳುತ್ತಿತ್ತು. ಆ ಹಾಡು ಕಲಿತವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ವಯಸ್ಸಾಗಿದೆ. ಕಲಬುರಗಿಯಲ್ಲೇ ರಂಗಾಯಣ ಇದೆ, ರಂಗಮಂದಿರವೂ ಇದೆ. ಅವರನ್ನು ಕರೆಸಿ, ಪೆಟ್ಟಿಗೆ ಪಕ್ಕ ಒಂದು ಒಳ್ಳೆ ಮೈಕ್ ಇಟ್ಟು, ಜನರನ್ನು ಎದುರಿಗೆ ಕೂರಿಸಿ ಹಾಡಿಸಬೇಕು. ಈ ವರ್ಷವೇ ಆಗಬೇಕು.