ಹಳೆ ಹೋಂಡಾ ಸಿಟಿಯ ಟೈಮಿಂಗ್ ಬೆಲ್ಟ್: ತಿರುಗುವ ದಿಕ್ಕು ಮತ್ತು ಮೂರು ಹಲ್ಲಿನ ಲೆಕ್ಕ

1998ರಲ್ಲಿ ನಮ್ಮ ದೇಶಕ್ಕೆ ಬಂದ ಮೊದಲ ತಲೆಮಾರಿನ ಹೋಂಡಾ ಸಿಟಿಯಲ್ಲಿ ಇರುವುದು ಡಿ ಸೀರೀಸ್ ಎಂಜಿನ್. ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ ಕ್ರ್ಯಾಂಕನ್ನೂ, ವಾಲ್ವ್ ತೆರೆಯುವ ಮೇಲಿನ ದಂಡ ಕ್ಯಾಮನ್ನೂ ಜೋಡಿಸಿ ಜೊತೆಯಾಗಿ ತಿರುಗಿಸುವುದೇ ಟೈಮಿಂಗ್ ಬೆಲ್ಟ್. 2003ರ ನಂತರದ ಸಿಟಿಯಲ್ಲಿ ಈ ಕೆಲಸಕ್ಕೆ ಚೈನ್ ಬಂತು. ಇದಕ್ಕೆ ಮಾತ್ರ ರಬ್ಬರ್ ಬೆಲ್ಟೇ. ಓಡುವಾಗ ಬೆಲ್ಟ್ ಹರಿದರೆ ಪಿಸ್ಟನ್ ಹೋಗಿ ತೆರೆದ ವಾಲ್ವ್‌ಗೆ ಹೊಡೆಯುತ್ತದೆ, ವಾಲ್ವ್‌ಗಳಿರುವ ಎಂಜಿನ್‌ನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. ಮನೆಯಲ್ಲಿ ಮೊದಲ ಸಲ ಬದಲಾಯಿಸಿದ್ದೇನೆ. ನೆನಪು ಇನ್ನೂ ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಬಿಚ್ಚುವ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕಾರು ಸ್ಟ್ಯಾಂಡ್ ಮೇಲೆ ಕೂತಿರಬೇಕು, ಬರೀ ಜಾಕ್ ಮೇಲೆ ಅಲ್ಲ. ಟೈಮಿಂಗ್ ಬೆಲ್ಟ್ ಇರುವ ಕಡೆಯ ಚಕ್ರ, ಆಲ್ಟರ್ನೇಟರ್ ಮತ್ತು ಸ್ಟೀರಿಂಗ್ ಬೆಲ್ಟ್‌ಗಳು, ವಾಲ್ವ್ ಕವರ್ ತೆಗೆಯಿರಿ. ಆಯಿಲ್ ಪ್ಯಾನ್ ಕೆಳಗೆ ಮರದ ಹಲಗೆ ಇಟ್ಟು ಜಾಕ್ ಕೊಟ್ಟು, ಆಮೇಲೆ ಆ ಕಡೆಯ ಎಂಜಿನ್ ಮೌಂಟ್ ಬಿಚ್ಚಿ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದುಬಿಡಿ. ಕಂಪ್ರೆಷನ್ ಇಲ್ಲದಿದ್ದರೆ ಎಂಜಿನ್ ಕೈಯಲ್ಲೇ ಮೆತ್ತಗೆ ತಿರುಗುತ್ತದೆ, ಏನಾದರೂ ತಾಗಿದರೆ ಕೈಗೆ ಗೊತ್ತೂ ಆಗುತ್ತದೆ.

ಕ್ರ್ಯಾಂಕ್ ಪುಲ್ಲಿಯ ನಡುವಿನ ಬೋಲ್ಟ್ ಸುಲಭಕ್ಕೆ ಜಗ್ಗುವುದಿಲ್ಲ. ಪುಲ್ಲಿಯನ್ನು ಹಿಡಿಯುವ ಹೋಲ್ಡರ್ ಟೂಲ್ ಬೇಕೇ ಬೇಕು. ಬೆಂಗಳೂರಿನಲ್ಲಿ ಬಿಡಿಭಾಗಗಳ ಅಂಗಡಿಗಳಿರುವ ಜೆಸಿ ರೋಡ್ ಕಡೆ ಹೋದಾಗ ಬೆಲ್ಟ್ ಜೊತೆಗೆ ಟೆನ್ಷನರ್ (ಸ್ಪ್ರಿಂಗ್ ಬಲದಿಂದ ಬೆಲ್ಟನ್ನು ಬಿಗಿಯಾಗಿಡುವ ಚಕ್ರ), ವಾಟರ್ ಪಂಪ್, ಕ್ಯಾಮ್ ಮತ್ತು ಕ್ರ್ಯಾಂಕ್ ಆಯಿಲ್ ಸೀಲ್ ಕೂಡ ಕೇಳಿ ತನ್ನಿ. ಈ ಎಂಜಿನ್‌ನಲ್ಲಿ ವಾಟರ್ ಪಂಪ್ ತಿರುಗುವುದೂ ಇದೇ ಬೆಲ್ಟ್‌ನಿಂದ. ಪಂಪ್ ಸೋರಿದರೆ ಇಷ್ಟೂ ಕೆಲಸ ಮತ್ತೆ ಮಾಡಬೇಕಾಗುತ್ತದೆ.

ಈಗ ಗುರುತುಗಳು. ಮೊದಲ ಸಿಲಿಂಡರ್‌ನ ಪಿಸ್ಟನ್ ಮೇಲ್ತುದಿಯಲ್ಲಿದೆ ಎಂದು ತೋರಿಸುವವು ಇವು. ಕ್ಯಾಮ್ ಪುಲ್ಲಿ ಮೇಲೆ ‘ಅಪ್’ ಎಂಬ ಬರಹ ನೆಟ್ಟಗೆ ಮೇಲಿರಬೇಕು. ಎರಡು ಪಕ್ಕದ ಗೆರೆಗಳು ಹೆಡ್‌ನ ಮೇಲಂಚಿಗೆ ಸಮವಾಗಿರಬೇಕು. ಕ್ರ್ಯಾಂಕ್ ಎರಡು ಸುತ್ತು ಹೋದರೆ ಕ್ಯಾಮ್ ಒಂದೇ ಸುತ್ತು. ಹಾಗಾಗಿ ಕೆಳಗೆ ಕ್ರ್ಯಾಂಕ್ ಪುಲ್ಲಿಯ ಗುರುತು ಸರಿ ಇದ್ದೂ ‘ಅಪ್’ ತಲೆಕೆಳಗಾಗಿ ಕಾಣಬಹುದು. ಹಾಗಿದ್ದರೆ ಹಳೆ ಬೆಲ್ಟ್ ಇನ್ನೂ ಮೇಲಿರುವಾಗಲೇ ಕ್ರ್ಯಾಂಕ್ ಇನ್ನೊಂದು ಸುತ್ತು ಹಾಕಿ. ಕ್ರ್ಯಾಂಕ್ ಪುಲ್ಲಿಯ ಮೇಲೆ ಬಿಳಿ ಗೆರೆ ಒಂದಿದೆ, ಸ್ವಲ್ಪ ದೂರದಲ್ಲಿ ಕೆಂಪು ಗೆರೆ ಇರುವ ಗುಂಪೂ ಇದೆ. ಕೆಂಪು ಇಗ್ನಿಷನ್ ಟೈಮಿಂಗ್‌ಗೆ. ನಮಗೆ ಬೇಕಾದ್ದು ಬಿಳಿ ಗೆರೆ. ಹಳೆ ಪುಲ್ಲಿಯಲ್ಲಿ ಬಣ್ಣ ಹೋಗಿರುತ್ತದೆ, ಆಗ ಗುಂಪಿನಿಂದ ದೂರ ಒಂಟಿಯಾಗಿ ನಿಂತದ್ದೇ ಬಿಳಿ ಗೆರೆ. ಕವರ್ ಬಿಚ್ಚಿದ ಮೇಲೆ ಕ್ರ್ಯಾಂಕ್ ಹಲ್ಲುಚಕ್ರದ ಗುರುತನ್ನು ಆಯಿಲ್ ಪಂಪ್ ಮೇಲಿನ ಗುರುತಿಗೆ ಹೊಂದಿಸಿ ನೋಡುವುದು ಇನ್ನೂ ಭರವಸೆ.

ಕ್ಯಾಮ್ ಗೆರೆಗಳನ್ನು ನಿಂತು ಮೇಲಿನಿಂದ ನೋಡಬೇಡಿ. ಬಗ್ಗಿ, ಕಣ್ಣನ್ನು ಹೆಡ್ ಅಂಚಿನ ಮಟ್ಟಕ್ಕೆ ತಂದು, ಒಂದು ಸ್ಟೀಲ್ ಸ್ಕೇಲ್ ಇಟ್ಟು ನೋಡಿ. ಒಂದು ಹಲ್ಲು ತಪ್ಪಿದ್ದರೆ ಒಂದು ಗೆರೆ ಅಂಚಿಗಿಂತ ಮೇಲೆ, ಇನ್ನೊಂದು ಕೆಳಗೆ ಕಾಣುತ್ತದೆ. ಲೆಕ್ಕಕ್ಕೆ ಕ್ಯಾಮ್ ಪುಲ್ಲಿಗೆ 40 ಹಲ್ಲು ಅಂತ ಇಟ್ಟುಕೊಳ್ಳಿ. ಒಂದು ಹಲ್ಲು ಅಂದರೆ ಕ್ಯಾಮ್‌ನಲ್ಲಿ 9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 18 ಡಿಗ್ರಿ. ಸಣ್ಣ ಅಂತರ ಅಲ್ಲ ಅದು.

ನನಗೆ ತುಂಬ ಹೊತ್ತು ತಲೆಗೆ ಹೋಗದೇ ಇದ್ದದ್ದು ದಿಕ್ಕು. ಹೆಚ್ಚಿನ ಕಾರುಗಳ ಎಂಜಿನ್, ಪುಲ್ಲಿಗೆ ಎದುರಾಗಿ ನಿಂತು ನೋಡಿದರೆ, ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಈ ಹೋಂಡಾ ಎಂಜಿನ್ ಅದಕ್ಕೆ ಉಲ್ಟಾ, ಅಂದರೆ ಎಡಕ್ಕೆ. ಬೇರೆ ಕಾರಿನ ವಿಡಿಯೋ ನೋಡಿ ಕಲಿತವರಿಗೆ ಇಲ್ಲೇ ಗೊಂದಲ ಶುರು. ದಿಕ್ಕು ಯಾಕೆ ಮುಖ್ಯ? ಸೈಕಲ್ ಪೆಡಲ್ ತುಳಿದಾಗ ಚೈನ್‌ನ ಮೇಲಿನ ಭಾಗ ಬಿಗಿ, ಕೆಳಗಿನ ಭಾಗ ಸಡಿಲ, ಅಲ್ವಾ? ಇಲ್ಲೂ ಹಾಗೇ. ಕ್ರ್ಯಾಂಕ್ ಎಳೆಯುವ ಕಡೆ ಬೆಲ್ಟ್ ಬಿಗಿಯಾಗುತ್ತದೆ, ಸಡಿಲವೆಲ್ಲ ಇನ್ನೊಂದು ಕಡೆ ಸೇರುತ್ತದೆ. ಟೆನ್ಷನರ್ ಇರುವುದು ಆ ಸಡಿಲ ಕಡೆ. ಈ ಎಂಜಿನ್ ತಿರುಗುವ ದಿಕ್ಕು ಬಿಟ್ಟು ಬಲಕ್ಕೆ ತಿರುಗಿಸಿದರೆ ಟೆನ್ಷನರ್ ಕಡೆಯೇ ಬಿಗಿಯಾಗುತ್ತದೆ, ಸ್ಪ್ರಿಂಗ್‌ಗೆ ಎಳೆದುಕೊಳ್ಳಲು ಏನೂ ಸಿಗುವುದಿಲ್ಲ. ಆಗ ಬಿಗಿ ಮಾಡಿದರೆ ಬೆಲ್ಟ್ ಸಡಿಲವಾಗಿಯೇ ಉಳಿಯುತ್ತದೆ.

ಮೂರು ಹಲ್ಲಿನ ಲೆಕ್ಕ ಬರುವುದು ಇಲ್ಲಿಂದಲೇ. ಹೊಸ ಬೆಲ್ಟ್ ಕೂರಿಸಿ, ಕೆಳ ಕವರ್ ಮತ್ತು ಪುಲ್ಲಿ ಹಾಕಿ, ಪುಲ್ಲಿ ಬೋಲ್ಟ್ ಮೊದಲು ಬಿಗಿ ಮಾಡಿ. ಇಲ್ಲದಿದ್ದರೆ ಎಡಕ್ಕೆ ತಿರುಗಿಸುವಾಗ ಎಂಜಿನ್ ತಿರುಗುವ ಬದಲು ಬೋಲ್ಟೇ ಬಿಚ್ಚಿಕೊಳ್ಳುತ್ತದೆ. ಆಮೇಲೆ ಐದಾರು ಸುತ್ತು ಎಡಕ್ಕೆ ತಿರುಗಿಸಿ, ಬೆಲ್ಟ್ ಹಲ್ಲಿನಲ್ಲಿ ಕೂರಲಿ. ಗುರುತುಗಳು ಕೂಡಿ, ಮೊದಲ ಸಿಲಿಂಡರ್‌ನ ಪಿಸ್ಟನ್ ಮತ್ತೆ ಮೇಲ್ತುದಿಗೆ ಬಂದಾಗ ನಿಲ್ಲಿಸಿ. ಟೆನ್ಷನರ್ ಬೋಲ್ಟ್ ಅರ್ಧ ಸುತ್ತು ಮಾತ್ರ ಸಡಿಲಿಸಿ. ಈಗ ಕ್ಯಾಮ್ ಪುಲ್ಲಿ ಮೂರು ಹಲ್ಲು ಮುಂದೆ ಹೋಗುವಷ್ಟು ಕ್ರ್ಯಾಂಕನ್ನು ಎಡಕ್ಕೇ ತಿರುಗಿಸಿ, ಹಾಗೇ ಹಿಡಿದು ಬೋಲ್ಟ್ ಬಿಗಿ ಮಾಡಿ. ವಾಲ್ವ್ ಸ್ಪ್ರಿಂಗ್‌ಗಳು ಕ್ಯಾಮನ್ನು ತಡೆಯುತ್ತವೆ, ಆ ತಡೆಗೆ ಎಳೆಯುವ ಕಡೆ ಪೂರ್ತಿ ಬಿಗಿಯಾಗುತ್ತದೆ, ಉಳಿದ ಸಡಿಲವನ್ನು ಟೆನ್ಷನರ್ ಸ್ಪ್ರಿಂಗ್ ತೆಗೆದುಕೊಳ್ಳುತ್ತದೆ. ಗುರುತು ಕೂಡಿದ ಜಾಗದಲ್ಲೇ ಬಿಗಿ ಮಾಡಿದರೆ ಈ ಖಾತ್ರಿ ಇರುವುದಿಲ್ಲ. ಮೂರು ಹಲ್ಲು ದಾಟಿ ಜಾಸ್ತಿ ಹೋಯಿತು ಅಂತ ಹಿಂದಕ್ಕೆ ತಿರುಗಿಸಬೇಡಿ. ಮತ್ತೆ ಎರಡು ಸುತ್ತು ಹಾಕಿಕೊಂಡು ಬಂದು ಮೊದಲಿನಿಂದ ಮಾಡಿ.

ಹೊಸ ಬೆಲ್ಟನ್ನು ಮಡಚಬೇಡಿ, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಎಣ್ಣೆ ತಾಗಿಸಬೇಡಿ. ಒಳಗಿನ ನಾರು ಒಮ್ಮೆ ಮುರಿದರೆ ಹೊರಗಿನಿಂದ ಕಾಣುವುದಿಲ್ಲ.

ಬಿಗಿ ಮಾಡಿದ ಮೇಲೆ ಇನ್ನೆರಡು ಸುತ್ತು ಹಾಕಿ, ಮೇಲೂ ಕೆಳಗೂ ಗುರುತು ನೋಡಿ. ತಿರುಗಿಸುವಾಗ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ಕೈ ಬಿಡಿ, ಪಿಸ್ಟನ್ ವಾಲ್ವ್‌ಗೆ ತಾಗಿರಬಹುದು. ಗುರುತು ಎರಡೂ ಕಡೆ ಕೂಡಿದ ಮೇಲೆ ಕ್ರ್ಯಾಂಕ್ ಬೋಲ್ಟನ್ನು ಟಾರ್ಕ್ ರೆಂಚಿನಿಂದ, ಕಾರಿನ ಸರ್ವಿಸ್ ಪುಸ್ತಕ ಹೇಳಿದ ಅಳತೆಗೆ ಮತ್ತೊಮ್ಮೆ ಬಿಗಿ ಮಾಡಿ, ಆಮೇಲೆ ಪ್ಲಗ್ ಹಾಕಿ.