ಆಪರೇಷನ್ ಆದ ಕೈಗೂ ಕೆಲಸ ಬೇಕು

ಸ್ತನ ಕ್ಯಾನ್ಸರಿನ ಆಪರೇಷನ್ ಮುಗಿಸಿ ಮಂಗಳೂರಿನಿಂದ ಪೆರ್ಲಕ್ಕೋ ಬದಿಯಡ್ಕಕ್ಕೋ ಮರಳಿದವರಿಗೆ ನೆಂಟರ ಉಪದೇಶ ಒಂದೇ: ‘ಆ ಕೈಯಲ್ಲಿ ಏನೂ ಎತ್ತಬೇಡಿ ಅಕ್ಕಾ.’ ಕಾಳಜಿಯ ಮಾತೇ. ಆದರೆ ಬಾವಿಯಿಂದ ನೀರು ಸೇದಿದ, ಅಡಿಕೆ ಸುಲಿದ, ಬೀಡಿ ಕಟ್ಟಿದ ಕೈ ಅದು. ಜೀವನಪೂರ್ತಿ ಸುಮ್ನೆ ಕೂರಬೇಕಾ?

ಭಯಕ್ಕೆ ಕಾರಣವಿದೆ. ಸ್ತನದ ದುಗ್ಧರಸ (ಹಾಲಲ್ಲ, ಲಿಂಫ್ ಎಂಬ ತಿಳಿ ದ್ರವ) ಹೆಚ್ಚಾಗಿ ಕಂಕುಳಿನ ಗ್ರಂಥಿಗಳಿಗೆ ಹೋಗುತ್ತದೆ. ಕ್ಯಾನ್ಸರ್ ಕೋಶಗಳೂ ಅದೇ ದಾರಿ ಹಿಡಿಯಬಹುದು. ಹಾಗಾಗಿ ಸರ್ಜನ್ ಆ ಗ್ರಂಥಿಗಳಿಗೂ ಕೈಹಾಕುತ್ತಾರೆ. ತೊಂದರೆ ಏನೆಂದರೆ, ತೋಳಿನ ನೀರು ಬಸಿಯುವುದೂ ಅಲ್ಲಿಂದಲೇ. ದಾರಿ ಕಟ್ಟಿದರೆ ಕೈ ಬಾತುಕೊಳ್ಳುತ್ತದೆ. ಗ್ರಂಥಿಗಳನ್ನು ಪೂರ್ತಿ ತೆಗೆದವರಲ್ಲಿ ಸುಮಾರು 5ರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಮೊದಲು ಕೆಲವೇ ಗ್ರಂಥಿ ತೆಗೆದು ಪರೀಕ್ಷಿಸುವ ಸೆಂಟಿನೆಲ್ ವಿಧಾನದಲ್ಲಿ 100ಕ್ಕೆ ಐದಾರು ಜನರಿಗೆ ಅಷ್ಟೆ. ಕಂಕುಳಿಗೆ ರೇಡಿಯೇಷನ್ ಕೊಟ್ಟರೆ ಸಾಧ್ಯತೆ ಜಾಸ್ತಿ. ಬಾವು ವರ್ಷಗಳ ನಂತರವೂ ಬರಬಹುದು.

ಮೊದಲು ಗೊತ್ತಾಗುವುದು ರವಿಕೆ ಹಾಕುವಾಗ. ಒಂದು ತೋಳು ಸಲೀಸಾಗಿ ಏರುತ್ತದೆ, ಇನ್ನೊಂದು ಸಿಕ್ಕಿಕೊಳ್ಳುತ್ತದೆ. ಬಳೆ ತೆಗೆದರೆ ಅದರ ಅಚ್ಚು ಹಾಗೇ ಉಳಿದಿರುತ್ತದೆ. ಟೈಲರ್ ಹತ್ತಿರ ಹೊಲಿಗೆ ಬಿಡಿಸಿಕೊಂಡು ಸುಮ್ಮನಾಗುವವರಿದ್ದಾರೆ. ಡಾಕ್ಟರಿಗೆ ತೋರಿಸಬೇಕಾದ ಹೊತ್ತೇ ಅದು.

ಕರಾವಳಿಯವರಿಗೆ ಆನೆಕಾಲು ಹೊಸದಲ್ಲ. ಅದೂ ದುಗ್ಧರಸ ಹರಿಯುವ ನಾಳ ಕೆಟ್ಟು ಬರುವ ಬಾವೇ. ಅಲ್ಲಿ ಸೊಳ್ಳೆ ಹೊತ್ತು ತರುವ ಹುಳ ಕಾರಣ, ಇಲ್ಲಿ ಚಿಕಿತ್ಸೆ. ಅಂಟುವ ಪ್ರಶ್ನೆಯೇ ಇಲ್ಲ. ಕಾಸರಗೋಡಿನ ಇನ್ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಆನೆಕಾಲಿನವರಿಗೆ ಹೇಳಿಕೊಡುತ್ತ ಬಂದ ಚರ್ಮದ ಆರೈಕೆ, ಒತ್ತಿ ಸುತ್ತುವ ಬ್ಯಾಂಡೇಜು, ವ್ಯಾಯಾಮ ಈ ಕೈಗೂ ಬೇಕಾದವೇ.

ಇನ್ನು ಭಾರ ಎತ್ತುವ ವಿಷಯ. ದುಗ್ಧರಸಕ್ಕೆ ಹೃದಯದಂಥ ಪಂಪ್ ಇಲ್ಲ. ಸ್ನಾಯು ಆಡಿದರೆ ಅದು ಚೆನ್ನಾಗಿ ಹರಿಯುತ್ತದೆ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಕೈ ಬಾತಿದ್ದ 141 ಹೆಂಗಸರಿದ್ದರು. ತರಬೇತಿ ಪಡೆದು ಮೆಲ್ಲಮೆಲ್ಲನೆ ಭಾರ ಏರಿಸಿದವರ ಬಾವು ಹೆಚ್ಚಲಿಲ್ಲ. ಬಾವು ಕೆರಳುವುದೂ ಅವರಲ್ಲಿ ಕಡಿಮೆಯೇ ಇತ್ತು.

ಹಾಗಂತ ಮೊದಲ ದಿನವೇ ತುಂಬಿದ ಕೊಡಪಾನ ಎತ್ತುವುದಲ್ಲ. ಫಿಸಿಯೋಥೆರಪಿಯವರನ್ನು ಕೇಳಿ, ಚೆಂಬಿನಿಂದ ಶುರುಮಾಡಿ. ತೋಳಿಗೆ ತೊಡುವ ಬಿಗಿಯಾದ ಚೀಲ (ಕಂಪ್ರೆಷನ್ ಸ್ಲೀವ್) ಕೊಟ್ಟರೆ ಹಾಕಿಕೊಳ್ಳಿ. (ಮೇ ತಿಂಗಳ ಸೆಖೆಯಲ್ಲಿ ಅದನ್ನು ಹಾಕಿ ನೋಡಬೇಕು, ಹೇಳೋರಿಗೇನು!) ಹುಲ್ಲು ಕೊಯ್ಯುವಾಗ ಗ್ಲೌಸ್ ಇರಲಿ, ಗೀರಿನಿಂದಲೂ ಸೋಂಕು ಹತ್ತುತ್ತದೆ. ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಮಂಗಳೂರಿನ ಮುಂದಿನ ತಾರೀಕಿಗೆ ಕಾಯಬೇಡಿ. ಅವತ್ತೇ ಹತ್ತಿರದ ಆಸ್ಪತ್ರೆಗೆ ಹೋಗಿ, ಆಂಟಿಬಯಾಟಿಕ್ ಬೇಕಾಗುತ್ತದೆ.